ಪ್ರೂಫ್ ಮುಗಿದಿದೆ. ಆರ್ಕೈವ್‌ಗೆ (ಜರ್ನಲ್‌ಗಿಂತ ಮೊದಲೇ ಪೇಪರ್ ಹಾಕುವ arXiv ತಾಣಕ್ಕೆ) ಈಗಲೇ ಹಾಕಲೋ, ಜರ್ನಲ್ ಒಪ್ಪುವ ತನಕ ಕಾಯಲೋ?

ಪಿಎಚ್‌ಡಿ ಎರಡನೇ ವರ್ಷ, ಮೊದಲ ಪೇಪರ್, ಬೇರೆ ಯಾರಾದರೂ ಮೊದಲೇ ಹಾಕಿಬಿಟ್ಟರೆ ಅನ್ನುವ ಭಯ. ನಿಮ್ಮ ಪ್ರಶ್ನೆ ಓದಿ ನನ್ನದೇ ಹಳೇ ಮೇಲ್ ಓದಿದ ಹಾಗಾಯ್ತು. ನಾನು ‘ಈಗಲೇ’ ಹಾಕಿದವನು. ಒಂಬತ್ತನೇ ದಿನ ಲೆಮ್ಮ 3.2 (ಥಿಯರಮ್‌ಗೆ ಮೆಟ್ಟಿಲಾಗಿದ್ದ ಚಿಕ್ಕ ಫಲಿತಾಂಶ) ಬಿತ್ತು, ಅದರ ಹಿಂದೆಯೇ ಥಿಯರಮ್ಮೂ.

ನನ್ನ ಕ್ಷೇತ್ರ ಪಿಡಿಇ, ಅಂದರೆ ಪಾರ್ಷಿಯಲ್ ಡಿಫರೆನ್ಷಿಯಲ್ ಈಕ್ವೇಶನ್. ಮೂರು ಆಯಾಮದ ಇಡೀ ಸ್ಪೇಸ್‌ನಲ್ಲಿ, ಯು ಎಂಬ ಫಂಕ್ಷನ್‌ನ ವರ್ಗದ ಇಂಟೆಗ್ರಲ್ 1 ಅನ್ನುವ ಕಟ್ಟಳೆಯೊಳಗೆ ಒಂದು ಎನರ್ಜಿಯನ್ನು ಕನಿಷ್ಠಕ್ಕಿಳಿಸಬೇಕಿತ್ತು. ಎನರ್ಜಿಯಲ್ಲಿ ಮೂರು ತುಂಡು: ಯುವಿನ ಗ್ರೇಡಿಯಂಟ್‌ನ (ಏರಿಳಿತದ ದರದ) ವರ್ಗ, ವಿ ಎಂಬ ಪೊಟೆನ್ಷಿಯಲ್ ಗುಣಿಸಿದ ಯು ವರ್ಗ, ಯುವಿನ ನಾಲ್ಕನೇ ಘಾತ. ಎಲ್ಲಕ್ಕೂ ಪ್ಲಸ್. ವಿ ಋಣವಾಗದೆ ಬೌಂಡೆಡ್ (ಒಂದು ಮಿತಿಯೊಳಗೆ) ಆಗಿದ್ದರೆ ಸಾಕು, ಮಿನಿಮೈಸರ್ (ಆ ಕನಿಷ್ಠವನ್ನು ನಿಜವಾಗಿ ಮುಟ್ಟುವ ಯು) ಇದೆ ಅಂತ ಬರೆದಿದ್ದೆ. ಮಿನಿಮೈಸಿಂಗ್ ಸೀಕ್ವೆನ್ಸ್ (ಎನರ್ಜಿ ಕನಿಷ್ಠದತ್ತ ಇಳಿಯುವ ಫಂಕ್ಷನ್‌ಗಳ ಸಾಲು) ತಗೊಂಡೆ, ಎಚ್-1ನಲ್ಲಿ (ಯು, ಅದರ ಗ್ರೇಡಿಯಂಟ್ ಎರಡರ ವರ್ಗವನ್ನೂ ಅಳೆಯುವ ಸ್ಪೇಸ್) ಬೌಂಡೆಡ್, ವೀಕ್ ಲಿಮಿಟ್ (ಇಂಟೆಗ್ರಲ್ ಸೋರಿಹೋಗಬಹುದಾದ ಸಡಿಲ ಲಿಮಿಟ್) ಸಿಕ್ಕಿತು. ಇಲ್ಲಿಯವರೆಗೆ ಸರಿ. ಮುಂದಿನ ಸಾಲು: ‘ರೆಲಿಖ್ ಪ್ರಕಾರ ಎಲ್-2ನಲ್ಲಿ ಸ್ಟ್ರಾಂಗ್ ಕನ್ವರ್ಜೆನ್ಸ್.’ ಅಂದರೆ ಲಿಮಿಟ್‌ನಲ್ಲೂ ವರ್ಗದ ಇಂಟೆಗ್ರಲ್ 1 ಆಗಿಯೇ ಉಳಿಯುತ್ತದೆ ಅಂತ. ಕೆಟ್ಟದ್ದು ಇಲ್ಲೇ. ರೆಲಿಖ್ ಥಿಯರಮ್‌ಗೆ ಬೌಂಡೆಡ್ ಡೊಮೈನ್ (ಅನಂತಕ್ಕೆ ಚಾಚದ ಪ್ರದೇಶ) ಬೇಕು, ನನ್ನದು ಇಡೀ ಸ್ಪೇಸ್. ಎಷ್ಟೋ ಪಠ್ಯಗಳು ಅಧ್ಯಾಯದ ಮೊದಲಲ್ಲಿ ‘ಡೊಮೈನ್ ಒಮೇಗ ಬೌಂಡೆಡ್’ ಅಂತ ಒಂದು ಸಲ ಹೇಳಿ ಸುಮ್ಮನಾಗುತ್ತವೆ. ನನಗೆ ನೆನಪಿದ್ದದ್ದು ಥಿಯರಮ್ ಮಾತ್ರ, ಆ ಸಾಲಲ್ಲ.

ವಿ ಸೊನ್ನೆ ಇಟ್ಟು ನೋಡಿದ್ದರೆ ಐದು ನಿಮಿಷದ ಕೆಲಸ. ಗುಡ್ಡದಾಕಾರದ ಒಂದು ಫಂಕ್ಷನ್ ತಗೊಳ್ಳಿ. ಅಗಲವನ್ನು ಎಲ್ಲ ದಿಕ್ಕಿಗೂ ಆರ್ ಪಟ್ಟು ಹಿಗ್ಗಿಸಿ, ಎತ್ತರವನ್ನು ಆರ್‌ನ 3/2 ಘಾತದಿಂದ ಭಾಗಿಸಿ. ವರ್ಗದ ಇಂಟೆಗ್ರಲ್ 1 ಆಗಿಯೇ ಉಳಿಯುತ್ತದೆ. ಗ್ರೇಡಿಯಂಟ್ ತುಂಡು ಆರ್‌ನ ವರ್ಗದಷ್ಟು, ನಾಲ್ಕನೇ ಘಾತದ್ದು ಆರ್‌ನ ಘನದಷ್ಟು ಕುಗ್ಗುತ್ತದೆ. ಹಿಟ್ಟು ಅಷ್ಟೇ, ದೋಸೆ ಮಾತ್ರ ತೆಳ್ಳಗಾಗುತ್ತಾ ಹೋಗುತ್ತದೆ. ಎನರ್ಜಿ ಸೊನ್ನೆಗೆ ಹತ್ತಿರವಾಗುತ್ತದೆ, ಮುಟ್ಟುವುದಿಲ್ಲ. ಮಿನಿಮೈಸರ್ ಇಲ್ಲ, ಥಿಯರಮ್ ಸುಳ್ಳು.

ತೇಪೆ ಹಾಕಲು ರೇಡಿಯಲ್ ಫಂಕ್ಷನ್‌ಗಳಿಗೆ (ಕೇಂದ್ರದಿಂದ ಇರುವ ದೂರವನ್ನಷ್ಟೇ ಅವಲಂಬಿಸಿದವು) ಓಡಿದೆ. 1977ರ ಸ್ಟ್ರಾಸ್ ಲೆಮ್ಮ ಇಲ್ಲಿ ಕಾಂಪ್ಯಾಕ್ಟ್‌ನೆಸ್ (ಸ್ಟ್ರಾಂಗ್ ಕನ್ವರ್ಜೆನ್ಸ್‌ನ ಖಾತ್ರಿ) ಕೊಡುವುದು 2 ಮತ್ತು 6ರ ನಡುವಿನ ಘಾತಕ್ಕೆ, ತುದಿಗಳನ್ನು ಬಿಟ್ಟು. ನಾಲ್ಕನೇ ಘಾತಕ್ಕೆ ಸಾಕು. ಆದರೆ ನನ್ನ ಕಟ್ಟಳೆ ಕೂತಿರುವುದೇ 2ರಲ್ಲಿ!

ಈ ತೂತು ಕಂಡದ್ದು ಸಂಖ್ಯಾಸಿದ್ಧಾಂತ ಓದುವ ಸಹಪಾಠಿಗೆ. ‘ಡೊಮೈನ್ ಎಲ್ಲಿ ಬೌಂಡೆಡ್ ಇದೆ ಮಾರಾಯ?’ ಅಂದ. ಆರ್ಕೈವ್‌ನಲ್ಲಿ ಪೇಪರ್ ಹಿಂತೆಗೆದುಕೊಂಡರೂ ವರ್ಷನ್ 1 ಎಲ್ಲರಿಗೂ ಕಾಣುತ್ತಲೇ ಇರುತ್ತದೆ.

ಹಾಗಾಗಿ, ಈಗಲೋ ಆಮೇಲೋ ಅನ್ನುವ ಪ್ರಶ್ನೆಯೇ ತಪ್ಪು ಅಂತ ನನ್ನ ಅಭಿಪ್ರಾಯ. ಬೋರ್ಡಿನ ಮುಂದೆ ಯಾರಿಗೆ ಹೇಳಿದ್ದೀರಿ? ನಿಮ್ಮ ಕ್ಷೇತ್ರದವರಲ್ಲದ ಒಬ್ಬರನ್ನು ಕೂರಿಸಿ, ನೋಟ್ಸ್ ಇಲ್ಲದೆ ಮುಖ್ಯ ಲೆಮ್ಮ ಒಂದನ್ನೇ ಪೂರ್ತಿ ಬರೆಯಿರಿ. ಬಳಸಿದ ಪ್ರತಿ ಥಿಯರಮ್‌ನ ಷರತ್ತುಗಳನ್ನು, ಅಂದರೆ ಡೊಮೈನ್, ಬೌಂಡರಿ, ಘಾತ, ಆಯಾಮ ಎಲ್ಲವನ್ನೂ, ಬೋರ್ಡಿನ ಎಡಬದಿಗೆ ಪಟ್ಟಿ ಮಾಡಿ, ಪೂರೈಸಿದಾಗ ಮಾತ್ರ ಗೀಟು ಹಾಕಿ. ಗೀಟು ಬೀಳದೆ ಉಳಿದ ಕಡೆ ಕೆಲಸ ಬಾಕಿ ಇದೆ. ಪಟ್ಟಿ ಮುಗಿದ ವಾರವೇ ಆರ್ಕೈವ್‌ಗೆ ಹಾಕಿ. ಜರ್ನಲ್‌ಗೆ ಕಾಯಬೇಡಿ, ರೆಫರಿ ವರದಿಗೆ ವರ್ಷ ಹಿಡಿಯುವುದು ಗಣಿತದಲ್ಲಿ ಮಾಮೂಲಿ.

ನನ್ನ ವರ್ಷನ್ 2ರಲ್ಲಿ ವಿ ಬೌಂಡೆಡ್ ಅನ್ನುವುದು ಹೋಗಿ ಅದರ ಜಾಗಕ್ಕೆ ಬಂದದ್ದು ಒಂದೇ ಷರತ್ತು: ದೂರ ಹೋದಂತೆ ವಿ ಅನಂತಕ್ಕೆ ಏರಬೇಕು. ಆಗ ಮಾಸ್ (ಯು ವರ್ಗದ ಇಂಟೆಗ್ರಲ್) ದೂರಕ್ಕೆ ಓಡಿಹೋಗಲಾರದು, ಎಲ್-2ನಲ್ಲಿ ಕಾಂಪ್ಯಾಕ್ಟ್‌ನೆಸ್ ಸಿಗುತ್ತದೆ. ಆ ಥಿಯರಮ್ ಆಗಲೇ ಗೊತ್ತಿದ್ದದ್ದು.