ಫೈರ್‌ವಾಲ್‌ನ ರ‍್ಯಾಮ್ ಡಿಸ್ಕಿಗೆ ಎಷ್ಟು ಜಾಗ ಬೇಕು?

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬಿನಲ್ಲಿ 60 ಕಂಪ್ಯೂಟರುಗಳಿವೆ. 4 ಜಿಬಿ ರ‍್ಯಾಮ್, 120 ಜಿಬಿ ಎಸ್‌ಎಸ್‌ಡಿ ಇರುವ ಹಳೆಯ ಪಿಸಿಯಲ್ಲಿ ಪಿಎಫ್‌ಸೆನ್ಸ್ ಎಂಬ ಫೈರ್‌ವಾಲ್ ತಂತ್ರಾಂಶ ಹಾಕಿ, ಅದರಲ್ಲೇ ಸ್ಕ್ವಿಡ್ ಪ್ರಾಕ್ಸಿ (ಜಾಲತಾಣಗಳ ಪುಟಗಳನ್ನು ನಡುವೆ ನಿಂತು ತಂದುಕೊಡುವ ತಂತ್ರಾಂಶ) ನಡೆಸುತ್ತಿದ್ದೇವೆ. ಎಸ್‌ಎಸ್‌ಡಿ ಸವೆಯದಿರಲೆಂದು ರ‍್ಯಾಮ್ ಡಿಸ್ಕ್ (ಮೆಮೊರಿಯ ಒಂದು ಭಾಗವನ್ನೇ ಡಿಸ್ಕಿನಂತೆ ಬಳಸುವ ವ್ಯವಸ್ಥೆ) ಚಾಲೂ ಮಾಡಿ, ಅಳತೆಗಳನ್ನು ಇದ್ದಂತೆಯೇ ಬಿಟ್ಟೆವು. ಅಂದಿನಿಂದ ಸ್ಕ್ವಿಡ್ ಪದೇಪದೇ ನಿಂತುಹೋಗುತ್ತಿದೆ. ಲಾಗ್ ಮುಂತಾದ ಬದಲಾಗುತ್ತಿರುವ ಕಡತಗಳಿರುವ ‘ವಾರ್’ ಡಿಸ್ಕಿಗೆ ಎಷ್ಟು ಕೊಡಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಅಳತೆಯನ್ನು ಹೆಚ್ಚಿಸುವ ಮೊದಲು ಸ್ಕ್ವಿಡ್‌ನ ಕ್ಯಾಶ್ ಅನ್ನು (ಮತ್ತೆ ಕೇಳಿದಾಗ ಕೊಡಲೆಂದು ಉಳಿಸಿಟ್ಟ ಪ್ರತಿಗಳನ್ನು) ಆ ಡಿಸ್ಕಿನಿಂದ ಹೊರಗೆ ತೆಗೆಯಿರಿ. ಪಿಎಫ್‌ಸೆನ್ಸ್ ತಾನಾಗಿ ತಾತ್ಕಾಲಿಕ ಕಡತಗಳ ‘ಟೆಂಪ್’ಗೆ 40 ಎಂಬಿ, ‘ವಾರ್’ಗೆ 60 ಎಂಬಿ ಕೊಡುತ್ತದೆ. ಸ್ಕ್ವಿಡ್‌ನ ಡಿಸ್ಕ್ ಕ್ಯಾಶ್ ಇರುವುದು ವಾರ್‌ನ ಒಳಗೇ, ಮತ್ತು ಅದರ ಮೂಲ ಅಳತೆಯೇ 100 ಎಂಬಿ. ಹೀಗಾಗಿ ಜಾಗ ಸಾಲದೆ ಹೋಗುವುದು ಖಂಡಿತ. ಡಿಸ್ಕಿನ ಜಾಗ ತೋರಿಸುವ ಡಿಎಫ್ ಆಜ್ಞೆ ಕೊಟ್ಟು ನೋಡಿದರೆ ವಾರ್ ನೂರಕ್ಕೆ ನೂರು ತುಂಬಿರುವುದು ಕಾಣುತ್ತದೆ. ಸ್ಕ್ವಿಡ್ ನಿಲ್ಲುವುದಷ್ಟೇ ಇಲ್ಲಿನ ತೊಂದರೆಯಲ್ಲ. ಡಿಎಚ್‌ಸಿಪಿಯ ಲೀಸ್ ಕಡತವೂ (ಯಾವ ಕಂಪ್ಯೂಟರಿಗೆ ಯಾವ ಐಪಿ ವಿಳಾಸ ಕೊಟ್ಟಿದೆ ಎಂಬ ದಾಖಲೆ) ವಾರ್‌ನಲ್ಲೇ ಇರುವುದರಿಂದ, ಜಾಗ ಮುಗಿದಾಗ ಪ್ರಾಕ್ಸಿಗೆ ಸಂಬಂಧವೇ ಇಲ್ಲದ ಸೇವೆಗಳೂ ಕೆಡಬಹುದು.

ಹಾಗಾದರೆ ವಾರ್‌ಗೆ 1 ಜಿಬಿ ಕೊಟ್ಟುಬಿಡಬಹುದಲ್ಲ ಎಂದು ತೋರಬಹುದು. ನಾನು ಅದನ್ನು ಒಪ್ಪುವುದಿಲ್ಲ. ಸ್ಕ್ವಿಡ್ ತನ್ನದೇ ಆದ ಮೆಮೊರಿ ಕ್ಯಾಶ್ ಇಟ್ಟುಕೊಳ್ಳುತ್ತದೆ. ಡಿಸ್ಕ್ ಕ್ಯಾಶ್ ಕೂಡ ರ‍್ಯಾಮಿನಲ್ಲೇ ಕೂತರೆ ಒಂದೇ ಕಡತ ಎರಡು ಕಡೆ ರ‍್ಯಾಮ್ ತಿನ್ನುತ್ತದೆ, ಕರೆಂಟ್ ಹೋದ ಕೂಡಲೇ ಎರಡೂ ಅಳಿಸಿಹೋಗುತ್ತವೆ. ಡಿಸ್ಕ್ ಕ್ಯಾಶಿನಿಂದ ಸಿಗುವ ಮುಖ್ಯ ಲಾಭವೇ ಯಂತ್ರ ಮರುಚಾಲನೆಯಾದ ಮೇಲೂ ಅದು ಉಳಿದಿರುವುದು.

ನಿಮ್ಮ 4 ಜಿಬಿಯ ಲೆಕ್ಕ ಹೀಗೆ ಹಾಕಬಹುದು. ಸದ್ಯ ನಡೆಯುತ್ತಿರುವ ಸಂಪರ್ಕಗಳ ಪಟ್ಟಿಯಾದ ಸ್ಟೇಟ್ ಟೇಬಲ್‌ನಲ್ಲಿ ಒಂದು ನಮೂದಿಗೆ ಸುಮಾರು 1 ಕೆಬಿ ಬೇಕು, ಅಂದರೆ 4 ಲಕ್ಷ ನಮೂದು ತುಂಬಿದರೆ ಸುಮಾರು 400 ಎಂಬಿ. ಸ್ಕ್ವಿಡ್‌ನ ಮೆಮೊರಿ ಕ್ಯಾಶಿಗೆ 512 ಎಂಬಿ ಸಾಕು. ಆದರೆ ಆ ಅಂಕಿ ಇಡೀ ಸ್ಕ್ವಿಡ್‌ನ ಮಿತಿಯಲ್ಲ, ಪ್ರಕ್ರಿಯೆ ಅದಕ್ಕಿಂತ ಸಾಕಷ್ಟು ಹೆಚ್ಚೇ ಬಳಸುತ್ತದೆ. ಎಸ್‌ಎಸ್‌ಡಿಯ ಮೇಲೆ 20 ಜಿಬಿ ಕ್ಯಾಶ್ ಇಟ್ಟರೆ, ಅದರ ಸೂಚಿಗೇ (ಇಂಡೆಕ್ಸ್) 64 ಬಿಟ್ ವ್ಯವಸ್ಥೆಯಲ್ಲಿ ಪ್ರತಿ ಜಿಬಿಗೆ 14 ಎಂಬಿಯಂತೆ 280 ಎಂಬಿ ರ‍್ಯಾಮ್ ಹೋಗುತ್ತದೆ. ಈ ಸೂಚಿಯ ಖರ್ಚನ್ನು ಬಹಳ ಜನ ಮರೆಯುತ್ತಾರೆ.

ಇನ್ನು ವಾರ್‌ನಲ್ಲಿ ಉಳಿಯುವುದು ಮುಖ್ಯವಾಗಿ ಲಾಗ್‌ಗಳು. ಸ್ಕ್ವಿಡ್‌ನ ಆಕ್ಸೆಸ್ ಲಾಗ್‌ನಲ್ಲಿ ಒಂದು ಸಾಲಿಗೆ 200 ಬೈಟ್ ಹಿಡಿದರೆ, ದಿನಕ್ಕೆ 5 ಲಕ್ಷ ಕೋರಿಕೆಗಳಿಗೆ 100 ಎಂಬಿ ಆಯಿತು. ಒಂದು ವಾರದ ಲಾಗ್ ಬೇಕಿದ್ದರೆ ಅದನ್ನು ಬೇರೆ ಸರ್ವರಿಗೆ ಕಳಿಸಿ, ಇಲ್ಲಿ ಎರಡು ದಿನದ್ದಷ್ಟೇ ಇಟ್ಟುಕೊಳ್ಳಿ. ರ‍್ಯಾಮ್ ಡಿಸ್ಕ್ ಆಫ್ ಮಾಡಿ, ಲ್ಯಾಬ್ ತುಂಬಿರುವ ದಿನ ಸಂಜೆ ವಾರ್ ಫೋಲ್ಡರಿನ ಗಾತ್ರವನ್ನು ಕ್ಯಾಶ್ ಬಿಟ್ಟು ಅಳೆಯಿರಿ. ಅದರ ಎರಡರಷ್ಟು ಕೊಟ್ಟರೆ ಸಾಕು. ನಿಮ್ಮಲ್ಲಿ ಅದು 512 ಎಂಬಿ ಮೀರಲಾರದು ಎಂಬುದು ನನ್ನ ಅಂದಾಜು. ಟೆಂಪ್‌ಗೆ 128 ಎಂಬಿ ಇರಲಿ.

ಆದರೆ ಎಸ್‌ಎಸ್‌ಡಿ ಸವೆಯುವ ಭಯ ಎಷ್ಟು ನಿಜ? ತಯಾರಕರು 40 ಟಿಬಿ ಬರೆಯುವವರೆಗೆ ಬಾಳುತ್ತದೆ ಎಂದಿದ್ದರೆ, ನೀವು ದಿನಕ್ಕೆ 10 ಜಿಬಿ ಬರೆದರೂ ಅದು ಸುಮಾರು 4,000 ದಿನ. ಒಳಗಿನ ಹೆಚ್ಚುವರಿ ಬರಹವನ್ನು ಸೇರಿಸಿ ಅರ್ಧಕ್ಕಿಳಿಸಿದರೂ ಐದು ವರ್ಷ ದಾಟುತ್ತದೆ. ಪೆನ್‌ಡ್ರೈವ್ ಅಥವಾ ಇಎಂಎಂಸಿ (ಬೋರ್ಡಿಗೇ ಬೆಸೆದ ಫ್ಲ್ಯಾಶ್ ಸಂಗ್ರಹ) ಮೇಲೆ ನಡೆಯುವ ಯಂತ್ರಕ್ಕೆ ರ‍್ಯಾಮ್ ಡಿಸ್ಕ್ ಅಗತ್ಯ. ನಿಮ್ಮ ಯಂತ್ರದಲ್ಲಿ ಅದನ್ನು ತೆಗೆದುಬಿಡುವುದೇ ಸರಿ ಎನ್ನುತ್ತೇನೆ.

ಕ್ಯಾಶ್ ಬಗ್ಗೆಯೂ ಮರುಯೋಚನೆ ಮಾಡಿ. ಇಂದು ಬಹುಪಾಲು ಜಾಲತಾಣಗಳು ಎಚ್‌ಟಿಟಿಪಿಎಸ್ ಬಳಸುತ್ತವೆ, ಆ ಗೂಢಲಿಪಿಯನ್ನು ಪ್ರಾಕ್ಸಿಯಲ್ಲಿ ಬಿಡಿಸದ ಹೊರತು ಸ್ಕ್ವಿಡ್ ಅದರಲ್ಲಿ ಏನನ್ನೂ ಉಳಿಸಿಕೊಳ್ಳಲಾರದು. ತಾಣಗಳನ್ನು ತಡೆಯುವುದಕ್ಕಷ್ಟೇ ಸ್ಕ್ವಿಡ್ ಬೇಕಿದ್ದರೆ, ಹಾರ್ಡ್ ಡಿಸ್ಕ್ ಕ್ಯಾಶ್ ವಿಧಾನವನ್ನು ‘ನಲ್’ ಎಂದು ಆರಿಸಿ ಮೆಮೊರಿ ಕ್ಯಾಶ್ ಮಾತ್ರ ಉಳಿಸಿ. ಸ್ಕ್ವಿಡ್‌ನಲ್ಲಿ ಕಂಡುಬಂದ ಭದ್ರತಾ ಲೋಪಗಳ ಕಾರಣದಿಂದ ಪಿಎಫ್‌ಸೆನ್ಸ್‌ನ ತಯಾರಕರಾದ ನೆಟ್‌ಗೇಟ್ 2023ರಲ್ಲೇ ಈ ಪ್ಯಾಕೇಜನ್ನು ಕೈಬಿಡುವುದಾಗಿ ಘೋಷಿಸಿದ್ದಾರೆ. ಪ್ರಾಕ್ಸಿ ನಿಮಗೆ ನಿಜವಾಗಿಯೂ ಬೇಕಾದರೆ, ಅದನ್ನು ಫೈರ್‌ವಾಲ್‌ನಿಂದ ಬೇರ್ಪಡಿಸಿ ಇನ್ನೊಂದು ಲಿನಕ್ಸ್ ಯಂತ್ರದಲ್ಲಿ ನಡೆಸಿ, ಸ್ಕ್ವಿಡ್‌ನ ಹೊಸ ಆವೃತ್ತಿಗಳು ಬಂದಂತೆಲ್ಲ ಹಾಕಿಕೊಳ್ಳುತ್ತಿರಿ.