ಏನಾಗಬೇಕೆಂದೇ ಗೊತ್ತಿಲ್ಲದವರು ಪಿಯುಸಿಗೆ ಏನು ತೆಗೆದುಕೊಳ್ಳಬೇಕು?

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಗಣಿತ 64, ವಿಜ್ಞಾನ 82, ಸಮಾಜ 90. ಮುಂದೇನಾಗ್ತೀಯ ಅಂದರೆ ‘ಗೊತ್ತಿಲ್ಲ’ ಅನ್ನುತ್ತಾಳೆ. ನಮಗೆ 3 ಎಕರೆ ಕಾಫಿ ತೋಟವಿದೆ. ಕಂಪ್ಯೂಟರ್ ಇಂಜಿನಿಯರಿಂಗ್ ಓದಬೇಕಾದರೆ ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್) ತಗೊಳ್ಳಲೇಬೇಕು ಅಂತ ನೆಂಟರು ಹೇಳುತ್ತಾರೆ. ಏನು ಮಾಡೋಣ?
– ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ಉತ್ತರ: ನೆಂಟರ ಮಾತು ಸರಿಯಲ್ಲ. ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಸಿಇಟಿಯ ರ‍್ಯಾಂಕಿಗೆ ಲೆಕ್ಕಕ್ಕೆ ಬರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮಾತ್ರ. ಅರ್ಧ ಸಿಇಟಿ ಅಂಕ, ಅರ್ಧ ದ್ವಿತೀಯ ಪಿಯು ಅಂಕ. ಪಿಸಿಎಂಬಿ (ಕಂಪ್ಯೂಟರ್ ಬದಲು ಜೀವಶಾಸ್ತ್ರ) ಓದಿದವರಿಗೂ ಕಂಪ್ಯೂಟರ್ ಸೈನ್ಸ್ ಸೀಟು ಸಿಗುತ್ತದೆ. ಆದರೆ ಪಿಸಿಎಂಸಿ ತೆಗೆದುಕೊಂಡರೆ ಜೀವಶಾಸ್ತ್ರ ಕೈತಪ್ಪುತ್ತದೆ. ಆಮೇಲೆ ಕಾರೆಕೆರೆಯ ಕೃಷಿ ಕಾಲೇಜು, ಹಾಸನದ ಪಶುವೈದ್ಯಕೀಯ ಕಾಲೇಜು, ಮೂಡಿಗೆರೆಯ ತೋಟಗಾರಿಕೆ ಕಾಲೇಜು, ಬಿ.ಎಸ್ಸಿ. ನರ್ಸಿಂಗ್ ಎಲ್ಲವೂ ದೂರವಾಗುತ್ತವೆ. ತೋಟವಿರುವ ಮನೆಯವರು ಇದನ್ನು ಮರೆಯಬಾರದು. ಕೃಷಿ ಪದವಿಗೆ ಕೃಷಿಕರ ಮಕ್ಕಳ ಕೋಟಾ ಇದೆ. ಅದಕ್ಕೆ ತಹಸೀಲ್ದಾರರ ಪ್ರಮಾಣಪತ್ರ ಬೇಕು, ಜೊತೆಗೆ ಬೀಜ, ಗೊಬ್ಬರ, ಸಲಕರಣೆ ಗುರುತಿಸುವಂಥ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ತೋಟದಲ್ಲಿ ಓಡಾಡಿದ ಮಗುವಿಗೆ ಅದೇನೂ ಹೊಸದಲ್ಲ.

ಹಾಗಂತ ಕಣ್ಣುಮುಚ್ಚಿ ಪಿಸಿಎಂಬಿಗೆ ಸೇರಿಸಬೇಡಿ. ಗಣಿತದ 64 ಯಾವ ಅಧ್ಯಾಯಗಳಿಂದ ಬಂತು ನೋಡಿ. ಸಂಖ್ಯಾಶಾಸ್ತ್ರದಂಥ ಅಧ್ಯಾಯಗಳಿಂದ ಬಂದು, ತ್ರಿಕೋನಮಿತಿ, ವರ್ಗ ಸಮೀಕರಣದಲ್ಲಿ ಸೋತಿದ್ದರೆ ಪ್ರಥಮ ಪಿಯುನಲ್ಲಿ ಗಣಿತದ ಜೊತೆ ಭೌತಶಾಸ್ತ್ರವೂ ಕಷ್ಟವಾಗುತ್ತದೆ, ಯಾಕೆಂದರೆ ಬಲಗಳನ್ನು ಘಟಕಗಳಾಗಿ ಬಿಡಿಸುವುದೇ ಸೈನ್, ಕಾಸ್‌ನಿಂದ. ರಜೆಯಲ್ಲಿ 3 ವಾರ ಪರೀಕ್ಷಿಸಿ ನೋಡಿ: ಪ್ರಥಮ ಪಿಯು ಗಣಿತದ 3ನೇ ಅಧ್ಯಾಯ ತ್ರಿಕೋನಮಿತೀಯ ಫಲನಗಳು, ರಸಾಯನಶಾಸ್ತ್ರದ 1ನೇ ಅಧ್ಯಾಯದ ಮೋಲ್ ಲೆಕ್ಕಗಳು. ದಿನಕ್ಕೆ ಒಂದೂವರೆ ಗಂಟೆ ಸಾಕು. ಉದಾಹರಣೆ ಓದಿ, ಪುಸ್ತಕ ಮುಚ್ಚಿ, ಅಭ್ಯಾಸದ ಲೆಕ್ಕ ತಾನೇ ಮಾಡಲಿ. ಹತ್ತರಲ್ಲಿ ಐದಾರು ಬಂದರೆ, ಬಾರದವುಗಳ ಮೇಲೂ ಮರುದಿನ ಮತ್ತೆ ಕೂತರೆ ಪಿಸಿಎಂಬಿ ಧೈರ್ಯವಾಗಿ ಕೊಡಿಸಿ. ಪುಸ್ತಕ ಕಂಡರೇ ಎದ್ದುಹೋಗುತ್ತಿದ್ದರೆ ಸಮಾಜದ 90 ಏನೋ ಹೇಳುತ್ತಿದೆ ಅಂತ ತಿಳಿಯಿರಿ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ತಗೊಂಡರೂ 5 ವರ್ಷದ ಕಾನೂನು ಪದವಿ ಓದಬಹುದು. ಯಾವುದೇ ಪದವಿ ಮುಗಿಸಿ ಕೆಎಎಸ್ ಬರೆಯಬಹುದು. ‘ಆರ್ಟ್ಸ್ ಅಂದರೆ ದಡ್ಡರಿಗೆ’ ಅನ್ನುವ ಮಾತಿಗೆ ಹೆದರಿ ಎಷ್ಟೋ ಮಕ್ಕಳು ವಿಜ್ಞಾನದಲ್ಲಿ ನರಳುತ್ತಾರೆ.

ಕನ್ನಡ ಮಾಧ್ಯಮದವಳಾದರೆ ಇನ್ನೊಂದು ತೊಡಕು ಇಂಗ್ಲಿಷ್ ಪಾರಿಭಾಷಿಕ ಪದಗಳದು. ವೇಗ, ವೇಗೋತ್ಕರ್ಷ, ಸಂವೇಗ ಇವಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ಈಗಲೇ ಎರಡು ಕಾಲಂ ಮಾಡಿ ಬರೆದುಕೊಳ್ಳಲಿ. ಮೊದಲ ತಿಂಗಳುಗಳಲ್ಲಿ ಬಹಳ ಮಕ್ಕಳು ಎಡವುವುದು ವಿಷಯದಲ್ಲಿ ಅಲ್ಲ, ಈ ಹೆಸರುಗಳಲ್ಲಿ.

ಪ್ರಶ್ನೆ: ವಿಜ್ಞಾನಕ್ಕೆ ಸೇರಿ ಮೂರು ವಾರವಾಯಿತು. ಕಾಮರ್ಸ್‌ಗೆ ಬದಲಾಯಿಸಿಕೊಳ್ಳಲೋ, ಪಿಯುಸಿ ಮುಗಿಸಿ ಆಮೇಲೆ ಬಿ.ಕಾಂ. ಸೇರಲೋ?
– ವಿದ್ಯಾರ್ಥಿ, ಕಡೂರು

ಉತ್ತರ: ವಿಜ್ಞಾನ ಓದಿ ಬಿ.ಕಾಂ.ಗೆ ಹೋಗಬಹುದು. ಕಾಮರ್ಸ್ ಓದಿ ಇಂಜಿನಿಯರಿಂಗ್‌ಗೆ ಬರಲಾಗದು. ಅಷ್ಟರ ಮಟ್ಟಿಗೆ ವಿಜ್ಞಾನದಲ್ಲೇ ನಿಂತುಕೊಳ್ಳುವುದು ಲಾಭ. ಆದರೆ ಬಿ.ಕಾಂ. ಸೇರಿದಾಗ ಅಕೌಂಟೆನ್ಸಿಯನ್ನು ಅಆಇಈಯಿಂದ ಶುರು ಮಾಡಬೇಕು, ಪಕ್ಕದವರು ಎರಡು ವರ್ಷ ಜರ್ನಲ್, ಲೆಡ್ಜರ್ ಬರೆದು ಬಂದಿರುತ್ತಾರೆ. ಸಿಎ ಮಾಡುವ ಯೋಚನೆ ಗಟ್ಟಿಯಾಗಿದ್ದರೆ ಈಗಲೇ ಬದಲಾಯಿಸಿಕೊಳ್ಳಿ. ಪೋಷಕರ ಸಹಿಯೊಂದಿಗೆ ಪ್ರಾಂಶುಪಾಲರಿಗೆ ಅರ್ಜಿ ಕೊಡಿ. ದಾಖಲಾತಿ ವಿವರ ಇಲಾಖೆಗೆ ಹೋದ ಮೇಲೆ ಕಷ್ಟ. ಅರ್ಜಿ ಕೊಡುವ ಮುನ್ನ ಕಾಮರ್ಸ್ ವಿಭಾಗದಲ್ಲಿ ಸೀಟು ಖಾಲಿ ಇದೆಯೇ ಅಂತ ಕಚೇರಿಯಲ್ಲಿ ಕೇಳಿ, ಕಟ್ಟಿದ ಶುಲ್ಕ ಹೊಂದಿಸಿಕೊಳ್ಳುತ್ತಾರೋ ಅಂತಲೂ.