ಬೈಬಲ್‌ನ ಪ್ರವಾದಿಗಳು ಮುಂದೆ ಆಗುವುದನ್ನು ಆಗಿಹೋದ ಹಾಗೆ ಯಾಕೆ ಹೇಳುತ್ತಾರೆ?

ಹಳೆಯ ಹೀಬ್ರೂ ಕ್ರಿಯಾಪದ ಮುಖ್ಯವಾಗಿ ತೋರಿಸುವುದು ಕೆಲಸ ಪೂರ್ತಿಯಾಗಿದೆಯಾ ಇಲ್ವಾ ಅನ್ನೋದನ್ನು. ಯಾವಾಗ ಅನ್ನೋದನ್ನು ಹೆಚ್ಚಾಗಿ ಸಂದರ್ಭವೇ ಹೇಳಬೇಕು. ಹಾಗಾಗಿ ಮುಂದೆ ಆಗುವುದನ್ನೂ ಪ್ರವಾದಿ ಪೂರ್ತಿಯಾದ ಕೆಲಸದ ರೂಪದಲ್ಲೇ ಹೇಳಬಹುದು. ಆಮೋಸ 5:2 ನೋಡಿ. ಇಸ್ರಾಯೇಲ್ ರಾಜ್ಯವನ್ನು ಹೆಣ್ಣಿನಂತೆ ಕಂಡು, ಇಸ್ರಾಯೇಲ್ ಬಿದ್ದಳು, ಇನ್ನು ಏಳಳು ಅಂತ ಪ್ರವಾದಿ ಆಮೋಸ ಶೋಕಗೀತೆ ಹಾಡುತ್ತಾನೆ, ಆದರೆ ಅದು ಅಲ್ಲಿನ ರಾಜ ಎರಡನೇ ಯಾರೊಬ್ಬಾಮನ ಕಾಲ, ರಾಜ್ಯ ಸುಖವಾಗಿತ್ತು, ರಾಜಧಾನಿ ಸಮಾರ್ಯ ಅಸ್ಸೀರಿಯದವರ ಕೈಗೆ ಹೋಗಿದ್ದು ಕ್ರಿ.ಪೂ. 722ರ ಹೊತ್ತಿಗೆ. ಬದುಕಿರುವವರ ಮುಂದೆಯೇ ಸಾವಿನ ಹಾಡು! ಕೇಳಿದವರಿಗೆ ಎಷ್ಟು ನಾಟಿರಬೇಕು ಅಲ್ವಾ?

ವಾದ ಜಾಸ್ತಿ ಆಗುವುದು ಯೆಶಾಯ 9:6ರ "ಮಗು ಹುಟ್ಟಿದೆ" ಅನ್ನುವಲ್ಲಿ. ಯೆಹೂದಿ ವ್ಯಾಖ್ಯಾನಕಾರ ರಾಶಿ ಅದು ಆಗಲೇ ಹುಟ್ಟಿದ್ದ, ಮುಂದೆ ಯೆಹೂದದ ರಾಜನಾದ ಹಿಜ್ಕೀಯ ಎಂದ. ಕ್ರೈಸ್ತರಿಗೆ ಅದು ಮುಂದೆ ಬರಲಿದ್ದ ಯೇಸು. ಕ್ರಿಯಾಪದದ ರೂಪ ಎರಡಕ್ಕೂ ಜಾಗ ಕೊಡುತ್ತದೆ, ಸುಮ್ನೆ ಅದೊಂದನ್ನೇ ಹಿಡಿದು ಯಾರೂ ಗೆಲ್ಲಲಾಗದು. ಮುಂದಿನ ವಚನದ ಕೊನೆಯಲ್ಲಂತೂ ದೇವರು ಇದನ್ನು "ಮಾಡುವನು" ಅನ್ನುವ ಅಪೂರ್ಣ ರೂಪವೇ, ಅಂದ್ರೆ ಕೆಲಸ ಇನ್ನೂ ಪೂರ್ತಿಯಾಗಿಲ್ಲ ಅನ್ನುವ ರೂಪವೇ ಇದೆ.